ಧೂಮಕೇತುವಿನ ನೀರನ್ನು ಅಳೆದ ದೂರದರ್ಶಕ

1970ರ ಜನವರಿಯಲ್ಲಿ ಅಮೆರಿಕದ ಓಎಓ-2 ಎಂಬ ಉಪಗ್ರಹವು ಟಾಗೊ-ಸಾಟೊ-ಕೊಸಾಕ ಧೂಮಕೇತುವಿನತ್ತ ತನ್ನ ನೇರಳಾತೀತ ಉಪಕರಣಗಳನ್ನು ತಿರುಗಿಸಿದಾಗ, ನೆಲದ ಮೇಲಿನ ಯಾವ ವೇಧಶಾಲೆಗೂ ಗೋಚರಿಸಿರದ ಜಲಜನಕದ ಬೃಹತ್ ಪ್ರಭಾಮಂಡಲವೊಂದು ಅದರ ಸುತ್ತಲೂ ಕಂಡುಬಂದಿತು. ಜರ್ಮನಿಯ ಲುಡ್ವಿಗ್ ಬೀರ್ಮನ್ ಅವರು ಇಂತಹ ಮಂಡಲವಿರಬೇಕೆಂದು ಎರಡು ವರ್ಷ ಮೊದಲೇ ತರ್ಕಿಸಿದ್ದರು. ಧೂಮಕೇತುವಿನ ಗರ್ಭವು ಧೂಳು ಬೆರೆತ ಹಿಮದ ಗಡ್ಡೆಯೆಂದು ಫ್ರೆಡ್ ವಿಪಲ್ ಅವರು 1950ರಲ್ಲಿ ಪ್ರತಿಪಾದಿಸಿದ ಮತಕ್ಕೆ ಇದರಿಂದ ಬಲವಾದ ಆಧಾರ ದೊರೆಯಿತು.

ಇದಕ್ಕೆ ಕಾರಣವನ್ನು ತುಸು ವಿವರವಾಗಿ ನೋಡಬೇಕು. ಸೂರ್ಯನ ತಾಪಕ್ಕೆ ಹಿಮವು ದ್ರವವಾಗದೆಯೇ ಆವಿಯಾಗಿ ಹೊರಹೊಮ್ಮುತ್ತದೆ. ಆ ಆವಿಯ ಅಣುಗಳನ್ನು ಸೂರ್ಯನ ನೇರಳಾತೀತ ಕಿರಣಗಳೇ ಒಡೆದು, ಜಲಜನಕದ ಪರಮಾಣುವನ್ನೂ ಹೈಡ್ರಾಕ್ಸಿಲ್ ಎಂಬ ಉಳಿದ ತುಣುಕನ್ನೂ ಬೇರ್ಪಡಿಸುತ್ತವೆ. ಜಲಜನಕವು 121.6 ನ್ಯಾನೋಮೀಟರ್ ತರಂಗದಲ್ಲಿಯೂ ಹೈಡ್ರಾಕ್ಸಿಲ್ 309ರ ಸುಮಾರಿನಲ್ಲಿಯೂ ಬೆಳಗುತ್ತವೆ. ಮೊದಲನೆಯದನ್ನು ನಮ್ಮ ವಾಯುಮಂಡಲ ಸಂಪೂರ್ಣವಾಗಿ ತಡೆಯುತ್ತದೆ, ಎರಡನೆಯದನ್ನು ಓಜೋನ್ ಬಹುಮಟ್ಟಿಗೆ ನುಂಗುತ್ತದೆ. ಆದುದರಿಂದ ನೀರಿನ ಲೆಕ್ಕ ಹಿಡಿಯಬೇಕಾದರೆ ವಾಯುಮಂಡಲವನ್ನು ದಾಟಿ ಮೇಲೇರುವುದೇ ಉಚಿತವಾದ ಮಾರ್ಗ. ಆ ಲೆಕ್ಕವೂ ಸರಳವಲ್ಲ. ಹೈಡ್ರಾಕ್ಸಿಲ್ ಬೆಳಗುವುದು ಸೂರ್ಯನ ಬೆಳಕನ್ನು ಹೀರಿ. ಸೂರ್ಯನ ರೋಹಿತದಲ್ಲಿಯೋ ಅಸಂಖ್ಯ ಕಪ್ಪು ಗೆರೆಗಳಿವೆ. ಧೂಮಕೇತುವು ಸೂರ್ಯನತ್ತ ಧಾವಿಸುವ ಅಥವಾ ಅವನಿಂದ ದೂರ ಸರಿಯುವ ವೇಗಕ್ಕೆ ಅನುಗುಣವಾಗಿ ಆ ಗೆರೆಗಳು ಪಲ್ಲಟಗೊಳ್ಳುವುದರಿಂದ, ನೀರು ಅಷ್ಟೇ ಇದ್ದರೂ ಹೈಡ್ರಾಕ್ಸಿಲಿನ ಕಾಂತಿ ಏರಿಳಿಯುತ್ತದೆ. ಈ ಸೂಕ್ಷ್ಮವನ್ನು ಅರಿತು ಗಣಿಸಿದವರಿಗೆ ಮಾತ್ರ ಕಾಂತಿಯಿಂದ ನೀರಿನ ಪ್ರಮಾಣ ದಕ್ಕುತ್ತದೆ.

ಈ ವಿದ್ಯೆಯನ್ನು ಒಂದು ಸಂಪ್ರದಾಯವಾಗಿ ಬೆಳೆಸಿದ್ದು, 1978ರ ಜನವರಿ 26ರಂದು ಗಗನಕ್ಕೇರಿದ ಅಂತರರಾಷ್ಟ್ರೀಯ ನೇರಳಾತೀತ ಅನ್ವೇಷಕ, ಅಂದರೆ ಐಯುಇ. ಅಮೆರಿಕ, ಯೂರೋಪು ಮತ್ತು ಬ್ರಿಟನ್ನುಗಳು ಕೂಡಿ ರೂಪಿಸಿದ ಇದರ ಕನ್ನಡಿಯ ವ್ಯಾಸ ಕೇವಲ 45 ಸೆಂಟಿಮೀಟರ್. ಗ್ರೀನ್‌ಬೆಲ್ಟಿನ ಗೊಡ್ಡಾರ್ಡ್ ಕೇಂದ್ರದಲ್ಲಿ ದಿನಕ್ಕೆ ಹದಿನಾರು ಗಂಟೆ, ಮ್ಯಾಡ್ರಿಡ್ ಬಳಿಯ ವಿಲ್ಯಾಫ್ರಾಂಕದಲ್ಲಿ ಎಂಟು ಗಂಟೆ, ವಿಜ್ಞಾನಿಗಳು ಸ್ವತಃ ಕುಳಿತು, ಬರುತ್ತಿರುವ ಚಿತ್ರವನ್ನು ನೋಡುತ್ತ ಅದನ್ನು ನಡೆಸಿದರು. ಅನಂತರ ಬಂದ ಹಿರಿಯ ದೂರದರ್ಶಕಗಳ ಕೀರ್ತಿಯಲ್ಲಿ ಇದರ ಹೆಸರು ಮಸುಕಾಗಿರುವುದು ನನಗೆ ನ್ಯಾಯವೆನಿಸದು. ಹದಿನೆಂಟು ವರ್ಷಗಳ ಕಾಲ ಒಂದೇ ಉಪಕರಣವು ಹಲವಾರು ಧೂಮಕೇತುಗಳನ್ನು ಒಂದೇ ಮಾನದಿಂದ ಅಳೆದುದರಿಂದಲೇ ಅವುಗಳನ್ನು ಪರಸ್ಪರ ತೂಗಿ ನೋಡುವುದು ಸಾಧ್ಯವಾಯಿತು. 1983ರ ಮೇ ತಿಂಗಳಲ್ಲಿ ಭೂಮಿಗೆ ಅತಿ ಸನಿಹದಲ್ಲಿ ಹಾದುಹೋದ ಐರಾಸ್-ಅರಾಕಿ-ಆಲ್ಕಾಕ್ ಧೂಮಕೇತುವಿನಲ್ಲಿ, ಗಂಧಕದ ಎರಡು ಪರಮಾಣುಗಳು ಬೆಸೆದ, ಕ್ಷಣಭಂಗುರವಾದ ಅಣುವನ್ನು ಪತ್ತೆಹಚ್ಚಿದ್ದೂ ಇದೇ.

ಹ್ಯಾಲಿ ಧೂಮಕೇತುವಿನ ಆಗಮನಕ್ಕೆ ಜಗತ್ತು ಸಿದ್ಧವಾಗುತ್ತಿದ್ದ 1985ರ ಆಗಸ್ಟಿನಲ್ಲಿ ಐಯುಇಯ ದಿಕ್ಕನ್ನು ಕಾಯುವ ಆರು ಗೈರೋಸ್ಕೋಪುಗಳಲ್ಲಿ ನಾಲ್ಕನೆಯದೂ ಕೆಟ್ಟಿತು. ಉಳಿದೆರಡರ ಜೊತೆಗೆ ಸೂರ್ಯನ ದಿಕ್ಕನ್ನರಿಯುವ ಸಾಧನವನ್ನು ಹೊಂದಿಸಿ, ಇಂಜಿನಿಯರುಗಳು ಉಪಗ್ರಹವನ್ನು ಮತ್ತೆ ಗುರಿಯತ್ತ ನಿಲ್ಲಿಸಿದರು. ಆ ಸ್ಥಿತಿಯಲ್ಲಿಯೇ ಅದು ಹ್ಯಾಲಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿತು. ಹ್ಯಾಲಿಯು ಸೂರ್ಯನಿಗೆ ತೀರ ಸಮೀಪವಿದ್ದ 1986ರ ಫೆಬ್ರವರಿಯಲ್ಲಿ ಮಾತ್ರ ಐಯುಇ ಅತ್ತ ತಿರುಗುವಂತಿರಲಿಲ್ಲ. ಆ ಕಾಲಕ್ಕೆಂದೇ ಸಿದ್ಧವಾಗಿದ್ದ ನೇರಳಾತೀತ ಉಪಕರಣವೊಂದು ಜನವರಿ 28ರಂದು ಚಾಲೆಂಜರ್ ನೌಕೆಯೊಡನೆ, ಅದರ ಏಳು ಮಂದಿ ಯಾತ್ರಿಗಳೊಡನೆ ನಾಶವಾಯಿತು. ಶುಕ್ರಗ್ರಹವನ್ನು ಸುತ್ತುತ್ತಿದ್ದ ಪಯನಿಯರ್ ನೌಕೆಯ ರೋಹಿತಮಾಪಕವು ಆ ದಿನಗಳ ವೀಕ್ಷಣೆಯನ್ನು ನಡೆಸಿಕೊಟ್ಟಿತು.

1996ರ ಸೆಪ್ಟೆಂಬರ್ 30ರಂದು ಐಯುಇಯನ್ನು ನಿಲ್ಲಿಸಲಾಯಿತು. ಅದರ ವಿದ್ಯೆಯನ್ನು ಧೂಮಕೇತುವಿನ ಬಳಿಗೇ ಒಯ್ದದ್ದು, ರೊಸೆಟ್ಟಾ ನೌಕೆಯಲ್ಲಿದ್ದ ಆಲಿಸ್ ಎಂಬ ಪುಟ್ಟ ರೋಹಿತಮಾಪಕ. 2014ರಲ್ಲಿ ಚುರ್ಯುಮೊವ್-ಗೆರಾಸಿಮೆಂಕೊ ಧೂಮಕೇತುವನ್ನು ಸೇರಿದ ಮೇಲೆ ಅದು ಕಂಡುದು ಅನಿರೀಕ್ಷಿತವಾಗಿತ್ತು: ಗರ್ಭದ ತೀರ ಸನಿಹದಲ್ಲಿ ಅಣುಗಳನ್ನು ಒಡೆದು ಬೆಳಗಿಸುತ್ತಿದ್ದುದು ಬಹುಮಟ್ಟಿಗೆ ಸೂರ್ಯನ ಕಿರಣಗಳಲ್ಲ, ಆ ಕಿರಣಗಳ ತಾಗುವಿಕೆಯಿಂದ ನೀರಿನ ಅಣುಗಳೇ ಹೊರಸೂಸಿದ ಇಲೆಕ್ಟ್ರಾನುಗಳು.