ಒಳಗಿನ ಮಳೆ, ಹೊರಗಿನ ಮಳೆ

ಮಳೆಯನ್ನು ವರ್ಣಿಸಿದ ನಮ್ಮ ಕವಿಗಳಲ್ಲಿ ಬಹುಮಂದಿ ಜಗಲಿಯ ಮೇಲೆ ಬೆಚ್ಚಗೆ ಕುಳಿತು ವರ್ಣಿಸಿದವರೇ ಇರಬೇಕೆಂದು ನನಗೊಂದು ಅನುಮಾನ. ಎರಡು ವರ್ಷ ಎಂ.ಎ. ತರಗತಿಯಲ್ಲಿ ವರ್ಷಾಕಾಲದ ವರ್ಣನೆಗಳನ್ನು ಓದಿ, ಆಮೇಲೆ ಹತ್ತು ವರ್ಷ ಅವನ್ನೇ ಹುಡುಗರಿಗೆ ಪಾಠ ಹೇಳಿದ ನನಗೆ ಈ ಅನುಮಾನ ಹುಟ್ಟಿದುದು ಗ್ರಂಥಾಲಯದಲ್ಲಲ್ಲ. ಆರಿದ್ರಾ ಮಳೆಯ ಕೊನೆಯ ದಿನಗಳಲ್ಲಿ, ಒಂದು ಹಳೆಯ ಸೈಕಲ್ಲಿನ ಮೇಲೆ, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದಾಗ.

ನಾನಿರುವುದು ತೀರ್ಥಹಳ್ಳಿಯ ಸೀಮೆಯ ಒಂದು ಸಣ್ಣ ಊರು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸುಮಾರು 1,000 ಮಿಲಿಮೀಟರು. ಎಂದರೆ, ರಾಜಧಾನಿಯವರು ಏಳು ವರ್ಷ ಬೈದುಕೊಂಡು ನೆನೆಯುವಷ್ಟು ಮಳೆಯಲ್ಲಿ ಇಲ್ಲಿಯವರು ಒಂದೇ ವರ್ಷದಲ್ಲಿ, ಬೈಯದೆ, ಗದ್ದೆ ನೆಟ್ಟು ಮುಗಿಸುತ್ತಾರೆ. ನಮ್ಮ ಊರಿಗೆ ಆಗುಂಬೆಯಷ್ಟು ಪಾಲು ಬರುವುದಿಲ್ಲ. ಆದರೆ ಜುಲೈ ತಿಂಗಳಿನಲ್ಲಿ ಆ ವ್ಯತ್ಯಾಸವನ್ನು ಗುರುತಿಸುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ಸ್ಕೂಟರು ಕೆಟ್ಟಿತು. ಶಿವಮೊಗ್ಗದಿಂದ ಒಂದು ಬಿಡಿಭಾಗ ಬರಬೇಕು, ಎರಡು ದಿನ ಎಂದ ರಿಪೇರಿಯವನು. ಆ ಎರಡು ದಿನ ಐದು ವಾರಗಳಾದುವು. ಮನೆಯ ಮಾಲೀಕರ ಕೊಟ್ಟಿಗೆಯಲ್ಲಿ ಅವರ ತಂದೆಯ ಕಾಲದ ಕಪ್ಪು ಸೈಕಲ್ಲೊಂದಿತ್ತು. ಕಾಲೇಜಿಗೆ ಆರು ಕಿಲೋಮೀಟರು. ನಡುವೆ ಒಂದು ಹಳ್ಳ, ಹಳ್ಳದಾಚೆ ಒಂದು ಉದ್ದನೆಯ ಏರು. ಸ್ಕೂಟರಿನ ಮೇಲೆ ಹೋಗುವಾಗ ಈ ಏರು ಇದೆಯೆಂಬುದೇ ನನಗೆ ತಿಳಿದಿರಲಿಲ್ಲ.

ಇನ್ನೊಂದು ವಿಷಯವನ್ನು ನಾಚಿಕೆಯಿಂದಲೇ ಹೇಳಬೇಕು. ದ್ವಿತೀಯ ಪಿ.ಯು.ಸಿ.ಯ ಒಬ್ಬ ವಿದ್ಯಾರ್ಥಿನಿ ಎಂಟು ಕಿಲೋಮೀಟರು ದೂರದ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಳು. 2006–07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುತ್ತಿದ್ದರಷ್ಟೆ. ಹಾಗೆ ಅವಳ ಅಕ್ಕನಿಗೆ ಬಂದು, ಅಕ್ಕನ ಮದುವೆಯ ಬಳಿಕ ತಂಗಿಗೆ ಇಳಿದ ಸೈಕಲ್ಲು ಅದು. ಜೂನ್ ಮೊದಲ ವಾರದಲ್ಲಿ ಆಕೆ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮಳೆ ಹಿಡಿದ ಮೇಲೆ, ನೀರು ಸುರಿಯುವ ಬಟ್ಟೆಯಲ್ಲಿ ತಡವಾಗಿ ಬಂದು, ಯಾರಿಗೂ ಕಾಣದಂತೆ ಹಿಂದಿನ ಬೆಂಚಿಗೆ ಸರಿದಳು. ಆಮೇಲೆ ವಾರಕ್ಕೆ ಎರಡು ದಿನ ಗೈರುಹಾಜರಿ. ಕಾರಣ ಕೇಳಿದರೆ "ಜ್ವರ ಸಾರ್" ಎಂಬ ಒಂದೇ ಉತ್ತರ. ಜ್ವರವೂ ಒಂದು ಅಭ್ಯಾಸವಾದೀತು ಎಂದು ನಾನು ತರಗತಿಯ ಮುಂದೆಯೇ ಹಾಸ್ಯ ಮಾಡಿದ್ದೆ. ಪರೀಕ್ಷೆಗೆ ಕೂರಬೇಕಾದರೆ ಶೇಕಡ 75ರ ಹಾಜರಾತಿ ಬೇಕು. ಕೊರತೆ ಬೀಳಬಹುದಾದವರ ಪಟ್ಟಿಯಲ್ಲಿ ಅವಳ ಹೆಸರನ್ನು ನನ್ನ ಕೈಯಿಂದಲೇ ಬರೆದಿದ್ದೆ.

ಇರಲಿ, ಸೈಕಲ್ಲಿಗೆ ಬರೋಣ. ಮೊದಲ ದಿನ ನಾನು ಬಹಳ ಸಿದ್ಧತೆ ಮಾಡಿಕೊಂಡೇ ಹೊರಟೆ. ಕತ್ತಿನಿಂದ ಮೊಣಕಾಲಿನವರೆಗೆ ದಪ್ಪನೆಯ ರಬ್ಬರು ಪೂಸಿದ ರೇನ್‌ಕೋಟು, ಅದರ ಗುಂಡಿಗಳನ್ನೆಲ್ಲ ಭದ್ರವಾಗಿ ಹಾಕಿ, ತಲೆಗೆ ಅದರದೇ ಮುಸುಕನ್ನು ಬಿಗಿದು, ಒಂದು ಹನಿಯೂ ಒಳಗೆ ಬಾರದಂತೆ ಕೋಟೆ ಕಟ್ಟಿಕೊಂಡಿದ್ದೆ. ಏರು ಹತ್ತಿ ಕಾಲೇಜು ಮುಟ್ಟಿ ಕೋಟು ಬಿಚ್ಚಿ ನೋಡುತ್ತೇನೆ: ಒಳಗಿನ ಅಂಗಿ, ಬನಿಯನ್ನು ಎಲ್ಲವೂ ಹಿಂಡಿದರೆ ನೀರು! ಕೋಟು ಎಲ್ಲಿಯೂ ಹರಿದಿರಲಿಲ್ಲ. ಒಂದನೆಯ ಪಿರಿಯಡ್ಡು ಮುಗಿಯುವುದರೊಳಗೆ ಹಲ್ಲು ಕಟಕಟಿಸತೊಡಗಿ, ಸಂಧಿಗಳನ್ನು ಪಾಠ ಹೇಳುತ್ತಿದ್ದವನು ಎರಡು ಕಡೆ ಸಂಧಿಯಿಲ್ಲದೆಯೇ ಸೀನಿದೆ.

ಈ ರಹಸ್ಯವನ್ನು ಬಿಡಿಸಿದವನು ಅದೇ ದಾರಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ಲು ತುಳಿಯುತ್ತಿರುವ ನಮ್ಮ ಅಂಚೆಯಣ್ಣ. ಅವನು ಕೋಟು ಹಾಕುವುದಿಲ್ಲ. ಕರಿಯ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಳಿಸಿ, ನಡುವಿಗೆ ಒಂದು ಹಗ್ಗ ಬಿಗಿದು, ಕಾಗದಗಳ ಚೀಲಕ್ಕೆ ಮಾತ್ರ ಎರಡು ಸುತ್ತು ಪ್ಲಾಸ್ಟಿಕ್ಕು ಸುತ್ತಿ ಹೋಗುತ್ತಾನೆ. "ಕಾಗದ ನೆನೆದ್ರೆ ಹೋಯ್ತು. ನಾನಾದ್ರೆ ಒಣಗ್ತೀನಿ" ಎನ್ನುವುದು ಅವನ ವಾದ. ನನ್ನ ಅವಸ್ಥೆ ನೋಡಿ ಹಳ್ಳದ ಮೋರಿಯ ಬಳಿ ಸೈಕಲ್ಲು ನಿಲ್ಲಿಸಿ ಕೇಳಿದ: "ಎಂತ ಮೇಷ್ಟ್ರೇ, ಹೊರಗಿನ ಮಳೆಗೇನೋ ಕೋಟು ಹಾಕ್ಕೊಂಡ್ರಿ. ಒಳಗಿನ ಮಳೆಗೆ ಎಂತ ಹಾಕ್ತೀರಿ ಮಾರಾಯ್ರೆ?"

ಒಳಗಿನ ಮಳೆ! ಯೋಚಿಸಿ ನೋಡಿದರೆ ಸೈಕಲ್ಲಿನ ಸವಾರನ ಎಲ್ಲ ಕಷ್ಟವೂ ಈ ಎರಡು ಶಬ್ದಗಳಲ್ಲಿದೆ. ಸೈಕಲ್ಲು ತುಳಿಯುವಾಗ ನಮ್ಮ ದೇಹ ವ್ಯಯಿಸುವ ಶಕ್ತಿಯಲ್ಲಿ ಪೆಡಲಿಗೆ ಸಲ್ಲುವುದು ಹೆಚ್ಚೆಂದರೆ ಕಾಲುಭಾಗ. ಮಿಕ್ಕ ಮುಕ್ಕಾಲು ಭಾಗ ಶಾಖವಾಗಿ ಹೊರಬೀಳುತ್ತದೆ. ಆ ಶಾಖವನ್ನು ಕಳೆಯಲು ಮೈ ಬೆವರುತ್ತದೆ. ರಬ್ಬರಿನ ಕೋಟು ಹೊರಗಿನ ನೀರನ್ನು ಒಳಗೆ ಬಿಡದಿರುವಂತೆಯೇ ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಇದು ಹಳೆಯ ಕಥೆ. ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ರಸಾಯನಜ್ಞನು 1823ರಲ್ಲಿ ಎರಡು ಪದರ ಬಟ್ಟೆಯ ನಡುವೆ ಕರಗಿಸಿದ ರಬ್ಬರನ್ನು ಪೂಸಿ ನೀರು ಹೀರದ ಬಟ್ಟೆಗೆ ಪೇಟೆಂಟು ಪಡೆದನು. ಆ ದಿನದಿಂದ ಮನುಷ್ಯನು ಹೊರಗಿನಿಂದ ನೆನೆಯುವುದನ್ನು ಬಿಟ್ಟು ಒಳಗಿನಿಂದ ನೆನೆಯತೊಡಗಿದನೆನ್ನಬಹುದು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬವರು ಟೆಫ್ಲಾನಿನ ಜಾತಿಯ ವಸ್ತುವನ್ನು ಥಟ್ಟನೆ ಹಿಗ್ಗಿಸಿ, ನೀರಿನ ಹನಿ ನುಸುಳಲಾರದ ಆದರೆ ಆವಿ ನುಸುಳಬಲ್ಲ ಸೂಕ್ಷ್ಮ ರಂಧ್ರಗಳ ಪೊರೆಯನ್ನು ಮಾಡಿದರು. ಅದರಿಂದಾದ ಕೋಟುಗಳು ಬಹಳ ಬೆಲೆಯವು. ನನ್ನ ಸಂಬಳದ ವಿಷಯ ಒತ್ತಟ್ಟಿಗಿರಲಿ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕಲ್ಲವೆ? ಗಾಳಿಯೇ ನೀರಾಗಿ ನಿಂತಿರುವ ಮಲೆನಾಡಿನ ಜುಲೈಯಲ್ಲಿ ಆ ಪೊರೆಯೂ ಅರ್ಧಮನಸ್ಸಿನಿಂದಲೇ ಕೆಲಸ ಮಾಡೀತು.

ಅಂಚೆಯಣ್ಣನ ಕಂಬಳಿಯ ಮಾತೇ ಬೇರೆ. ಅದು ನೀರನ್ನು ತಡೆಯುವೆನೆಂಬ ಪ್ರತಿಜ್ಞೆಯನ್ನೇ ಮಾಡಿಲ್ಲ. ಚಳ್ಳಕೆರೆಯ ಕಡೆಯಲ್ಲಿ ಕುರುಬರು ದಖ್ಖಣದ ಕುರಿಯ ಒರಟು ಉಣ್ಣೆಯಿಂದ ನೇಯುವ ಕಂಬಳಿಗಳ ನೂಲಿಗೆ ಹುಣಿಸೆಬೀಜದ ಅಂಬಲಿಯನ್ನು ಹಚ್ಚುತ್ತಾರೆ. ಆ ಬಿಗುವಿನ ಮೇಲೆ ಬಿದ್ದ ಹನಿಗಳಲ್ಲಿ ಬಹುಪಾಲು ಜಾರಿ ಕೆಳಗಿಳಿಯುತ್ತವೆ. ಜಾರದೆ ಒಳಹೊಕ್ಕ ನೀರನ್ನು ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟನ್ನು ಎಳೆಗಳೊಳಗೇ ಅಡಗಿಸಿಕೊಂಡು, ಮುಟ್ಟಿದರೆ ಒದ್ದೆಯೆನಿಸದಂತೆ ಇರಬಲ್ಲುದು. ಅದಕ್ಕಿಂತ ಮುಖ್ಯವಾದುದು, ನೆನೆದರೂ ಅದರ ಗುಂಗುರು ಎಳೆಗಳು ಮೈಗೆ ಅಂಟದೆ ತಮ್ಮ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಬೆಚ್ಚಗಿಡುವುದು ಉಣ್ಣೆಯಲ್ಲ, ಆ ಗಾಳಿ. ಹತ್ತಿಯ ಬನಿಯನ್ನು ಇದಕ್ಕೆ ತದ್ವಿರುದ್ಧ: ನೆನೆದೊಡನೆ ಗಾಳಿಯನ್ನೆಲ್ಲ ಬಿಟ್ಟುಕೊಟ್ಟು ಚರ್ಮಕ್ಕೆ ಅಂಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಮೈಮೇಲೆ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ಬೇಸಗೆಯಲ್ಲಿ ನಮ್ಮನ್ನು ಕಾಪಾಡುವ ಹತ್ತಿಯೇ ಮಳೆಯಲ್ಲಿ ನಮ್ಮನ್ನು ಹಿಡಿದುಕೊಡುವುದು ಹೀಗೆ.

ಕಂಬಳಿಯನ್ನು ಹೊಗಳಿದೆನೆಂದು ಎಲ್ಲರೂ ಅದನ್ನು ಹೊದ್ದು ಸೈಕಲ್ಲು ಹತ್ತಬೇಕಾಗಿಲ್ಲ. ನೆನೆದ ಕಂಬಳಿ ಕಲ್ಲಿನಷ್ಟು ಭಾರ. ಅದರ ವಾಸನೆಗೆ ಕುರಿಯೂ ಮೂಗು ಮುಚ್ಚಿಕೊಂಡೀತು. ನಡುವಿಗೆ ಹಗ್ಗ ಕಟ್ಟದಿದ್ದರೆ ಅದರ ಮೂಲೆ ಹಿಂದಿನ ಚಕ್ರಕ್ಕೆ ಸಿಕ್ಕಿ ಸವಾರನನ್ನು ರಸ್ತೆಗೆ ಒರಗಿಸುತ್ತದೆ. ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಹೆಂಗಸರಿಗೆ ಬಿದಿರಿನ ಸೀಳು ಮತ್ತು ಎಲೆಗಳಿಂದ ಹೆಣೆದ ಗೊರಬೆಯಂಥ ಸಾಧನ ಬೇರೊಂದಿಲ್ಲ. ಬೆನ್ನು ಮುಚ್ಚುತ್ತದೆ, ಎದೆಗೆ ಗಾಳಿಯಾಡುತ್ತದೆ. ಆದರೆ ಅದನ್ನು ಬೆನ್ನಿಗೇರಿಸಿ ಸೈಕಲ್ಲು ತುಳಿದರೆ ಹಾಯಿ ಬಿಚ್ಚಿದ ದೋಣಿಯಂತೆ ಗಾಳಿ ಎಳೆದತ್ತ ಸಾಗಬೇಕು. ಕೊಡೆಯ ವಿಷಯ ನಾನು ಸ್ವಾನುಭವದಿಂದ ಬಲ್ಲೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು ಇಳುಕಲಿನಲ್ಲಿ ಬರುವಾಗ ಗಾಳಿ ಕೊಡೆಯನ್ನು ಮಗುಚಿತು, ಕೊಡೆ ನನ್ನನ್ನು ಮಗುಚಿತು. ಮೊಣಕೈಯ ಗಾಯ ಮಾಯಲು ಹದಿನೈದು ದಿನ ಹಿಡಿಯಿತು.

ಅನೇಕ ಪ್ರಯೋಗಗಳ ಬಳಿಕ ನನಗೆ ಒಗ್ಗಿದ್ದು ಹೀಗಿದೆ. ಕೋಟಿಗೆ ಬದಲಾಗಿ, ಕೆಳಗಿನಿಂದ ಗಾಳಿಯಾಡುವಂತೆ ಹೆಗಲಿನಿಂದ ಅಗಲವಾಗಿ ಇಳಿಯುವ ನಿಲುವಂಗಿ. ಅದರ ಮುಂದಿನ ಅಂಚಿಗೆ ಊರಿನ ದರ್ಜಿಯಿಂದ ಎರಡು ಕುಣಿಕೆ ಹೊಲಿಸಿ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ, ಹ್ಯಾಂಡಲಿನ ಮೇಲೆ ಡೇರೆಯಂತೆ ಹರಡಿ ತೊಡೆಯನ್ನೂ ಮುಚ್ಚುತ್ತದೆ. ಒಳಗೆ ತೆಳ್ಳನೆಯ ಉಣ್ಣೆಯ ಅಂಗಿ. ತಲೆಗೆ ಮುಂದೆ ಅಂಚುಳ್ಳ ಟೋಪಿ. ಕನ್ನಡಕದವರಿಗೆ ಇದೊಂದು ವರ. ಬರಿಯ ಮುಸುಕು ಹಾಕಿದರೆ ತಲೆ ತಿರುಗಿದರೂ ಮುಸುಕು ತಿರುಗುವುದಿಲ್ಲ. ಹಿಂದೆ ಲಾರಿ ಬಂದಿತೇ ಎಂದು ನೋಡಹೋದರೆ ಮುಸುಕಿನ ಒಳಮೈಯೇ ಕಾಣುತ್ತದೆ. ಕಾಲಿಗೆ ಬೂಟು ಬೇಡ. ಒಮ್ಮೆ ನೀರು ತುಂಬಿದ ಬೂಟು ಮೂರು ದಿನ ಒಣಗುವುದಿಲ್ಲ. ಪಟ್ಟಿಯ ಚಪ್ಪಲಿ ಹಾಕಿ, ಒಣ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಂಡರೆ ಸಾಕು. ಇಂಬಳ ಹತ್ತಿದರೂ ಕೂಡಲೆ ಕಣ್ಣಿಗೆ ಬೀಳುತ್ತದೆ.

ಮಳೆ ಮೇಲಿನಿಂದ ಬರುತ್ತದೆಂಬುದು ಅರ್ಧಸತ್ಯ. ಸವಾರನ ಮೇಲೆ ಬೀಳುವ ನೀರಿನಲ್ಲಿ ಅತ್ಯಂತ ಕೊಳಕಾದುದು ಕೆಳಗಿನಿಂದ, ಚಕ್ರದಿಂದ ಬರುತ್ತದೆ. ಹಳೆಯ ಟ್ಯೂಬಿನ ಒಂದು ತುಂಡನ್ನು ಮುಂದಿನ ಮಡ್‌ಗಾರ್ಡಿನ ತುದಿಗೆ ನೆಲದಿಂದ ನಾಲ್ಕು ಬೆರಳು ಮೇಲೆ ಇಳಿಯುವಂತೆ ಕಟ್ಟಿದರೆ ಕಾಲು ಅರ್ಧಕ್ಕರ್ಧ ಒಣಗಿರುತ್ತದೆ. ಖರ್ಚು ಏನೂ ಇಲ್ಲ. ಬ್ರೇಕಿನ ಬಗ್ಗೆ ಮಾತ್ರ ಎಚ್ಚರ ಬೇಕು. ಉಕ್ಕಿನ ರಿಮ್ಮು ನೆನೆದಾಗ ರಬ್ಬರಿನ ಕಟ್ಟೆ ಅದನ್ನು ಹಿಡಿಯುವುದೇ ಇಲ್ಲ ಎನ್ನುವಷ್ಟು ಜಾರುತ್ತದೆ. ತಿರುವು ಬರುವ ಬಹಳ ಮೊದಲೇ ಮೆಲ್ಲಗೆ ಒತ್ತಿ ರಿಮ್ಮಿನ ನೀರನ್ನು ಒರೆಸಿಕೊಳ್ಳಬೇಕು, ಆಮೇಲೆ ಗಟ್ಟಿಯಾಗಿ ಒತ್ತಬೇಕು.

"ಏರು ಬಂದ್ರೆ ಇಳಿದು ತಳ್ಳಿ ಮೇಷ್ಟ್ರೇ. ಬೆವರದಿದ್ರೆ ಅರ್ಧ ಮಳೆ ಕಡಿಮೆ ಆದ ಹಾಗೆ" ಎಂದು ಅಂಚೆಯಣ್ಣ ಹೇಳಿದ್ದನ್ನು ಪಾಲಿಸಲು ನನಗೆ ಎರಡು ವಾರ ಹಿಡಿಯಿತು. ವಿದ್ಯಾರ್ಥಿಗಳ ಎದುರಿಗೆ ಸೈಕಲ್ಲು ತಳ್ಳುವುದಕ್ಕೆ ಅಭಿಮಾನ ಅಡ್ಡ ಬರುತ್ತಿತ್ತು. ಅವನು ಕೊನೆಗೆ ಹೇಳಿದ ಮಾತು ಇನ್ನೂ ದೊಡ್ಡದು: "ತುಳಿಯೋವಾಗ ಯಾರಿಗೂ ಚಳಿ ಆಗಲ್ಲ. ಇಳಿದ ಮೇಲೆ ನೋಡಿ. ಮೊದ್ಲು ಅಂಗಿ ಬದಲಾಯಿಸ್ಬೇಕು, ಆಮೇಲೆ ಕಾಫಿ."

ಇದನ್ನು ಕೇಳಿದಾಗಲೇ ನನಗೆ ಹಿಂದಿನ ಬೆಂಚು ನೆನಪಾದುದು. ತುಳಿಯುತ್ತಿರುವವರೆಗೆ ದೇಹ ಒಂದು ಒಲೆ. ಇಳಿದೊಡನೆ ಒಲೆ ಆರುತ್ತದೆ. ಒದ್ದೆ ಬಟ್ಟೆ ಮಾತ್ರ ಮೈಮೇಲೆ ಉಳಿದು ಶಾಖವನ್ನು ಹೀರುತ್ತಲೇ ಇರುತ್ತದೆ. ಮಲೆನಾಡಿನ ಮಳೆಗಾಲದ ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸು. ಹಿಮದ ನಾಡಿನವರು ಇದನ್ನು ಚಳಿಯೆನ್ನಲಾರರು. ಆದರೆ ಒದ್ದೆ ಬಟ್ಟೆಯಲ್ಲಿ, ಮುರಿದ ಕಿಟಕಿಯ ಗಾಳಿಗೆ, ಅಲ್ಲಾಡದೆ ಐದು ಗಂಟೆ ಕೂತವರಿಗೆ ಆ ಇಪ್ಪತ್ತು ಡಿಗ್ರಿಯೇ ಸಾಕು. ಮೊದಲು ನಡುಕ, ಆಮೇಲೆ ಬೆರಳು ಲೇಖನಿಯನ್ನು ಹಿಡಿಯದಾಗುವುದು, ಆಮೇಲೆ ಮಂಕು. ಆಕೆ ಪಾಠ ಕೇಳದೆ ತೂಕಡಿಸುತ್ತಾಳೆಂದು ಒಮ್ಮೆ ನಿಲ್ಲಿಸಿ ಪ್ರಶ್ನೆ ಕೇಳಿದ್ದೆ. ಉತ್ತರ ಬಂದಿರಲಿಲ್ಲ. ನಾನೋ, ಒಂದೇ ದಿನ ಹಾಗೆ ಕೂತು ಸಂಧಿಯನ್ನು ಮರೆತಿದ್ದೆ.

ಮರುದಿನ ವಿಚಾರಿಸಿದೆ. ಒಣ ಬಟ್ಟೆ ತರುವುದಿಲ್ಲವೇಕೆ ಎಂದರೆ ಆಕೆ ನೆಲ ನೋಡಿದಳು. ಗೆಳತಿ ಉತ್ತರ ಹೇಳಿದಳು: "ತಂದ್ರೂ ಬದಲಾಯಿಸೋಕೆ ಜಾಗ ಎಲ್ಲಿದೆ ಸಾರ್? ಒದ್ದೇದನ್ನ ಒಣಗಿಸೋದೆಲ್ಲಿ?"

ಹತ್ತು ವರ್ಷದಿಂದ ಅಲ್ಲಿ ಪಾಠ ಹೇಳುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ನಮಗೆ ಗೂಟಗಳಿದ್ದುವು. ಪ್ರಯೋಗಶಾಲೆಯ ಪಕ್ಕದಲ್ಲಿ ಮುರಿದ ಬೆಂಚುಗಳನ್ನೂ ಹಳೆಯ ಉತ್ತರಪತ್ರಿಕೆಗಳನ್ನೂ ತುಂಬಿದ್ದ ಒಂದು ಕೋಣೆಯಿತ್ತು. ಪ್ರಾಂಶುಪಾಲರು ಮೊದಲು ನಿಯಮದ ಮಾತನ್ನಾಡಿದರು. ಅಂದು ಅವರ ಕಾರೂ ಹಳ್ಳದ ನೀರಿನಲ್ಲಿ ನಿಂತುಹೋಗಿ ಅವರೂ ನೆನೆದು ಬಂದಿದ್ದುದರಿಂದ ಮಾತು ಬೇಗ ಮುಗಿಯಿತು. ಒಂದು ಶನಿವಾರ ಹುಡುಗರು ಬೆಂಚುಗಳನ್ನು ಸಾಗಿಸಿದರು. ಬಾಗಿಲಿಗೆ ಒಳಚಿಲಕ ಹಾಕಿಸಿ ಆ ಕೋಣೆಯನ್ನು ಹುಡುಗಿಯರಿಗೆ ಬಿಟ್ಟೆವು. ಹುಡುಗರಿಗೆ ಹಿಂದಿನ ಪಡಸಾಲೆ. ಎರಡು ಕಡೆಯೂ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ. ಮೊದಲ ಪಿರಿಯಡ್ಡಿನಲ್ಲಿ ಹಾಜರಿ ಕರೆಯುವುದನ್ನು ಹತ್ತು ನಿಮಿಷ ಮುಂದೂಡುವುದೆಂದೂ ಒಪ್ಪಂದವಾಯಿತು.

ಪುಷ್ಯ ಮಳೆಯ ವೇಳೆಗೆ ಆಕೆಯ ಹಾಜರಾತಿ ಶೇಕಡ 68ಕ್ಕೆ ಇಳಿದಿತ್ತು. ಆಶ್ಲೇಷಾ, ಮಘಾ ಎರಡನ್ನೂ ಆಕೆ ದಾಟಿದಳು, ನಡುವೆ ಎರಡೇ ದಿನ ತಪ್ಪಿ. ಅಜ್ಜನ ಕಂಬಳಿಯನ್ನು ಕೊಪ್ಪೆ ಹಾಕಿ, ನಡುವಿಗೆ ಹಗ್ಗ ಬಿಗಿದು ಬರುತ್ತಿದ್ದಳು. ಮೊದಮೊದಲು ಹುಡುಗಿಯರು ನಕ್ಕರು. ಆಮೇಲೆ ಇನ್ನೂ ಮೂರು ಕಂಬಳಿಗಳು ಕಾಣಿಸಿಕೊಂಡುವು. ಸೆಪ್ಟೆಂಬರಿನಲ್ಲಿ ಕೊರತೆಯ ಪಟ್ಟಿಯನ್ನು ಪರಿಷ್ಕರಿಸುವಾಗ, ಜೂನಿನಲ್ಲಿ ನಾನು ಬರೆದಿದ್ದ ಒಂಬತ್ತು ಹೆಸರುಗಳಲ್ಲಿ ಆರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅವಳದು ಮೂರನೆಯದು.

ಬಿಡಿಭಾಗ ಬಂದು ಸ್ಕೂಟರು ಓಡತೊಡಗಿ ಬಹಳ ಕಾಲವಾಯಿತು. ಆದರೂ ಮಳೆಯ ದಿನಗಳಲ್ಲಿ ನಾನು ಸೈಕಲ್ಲನ್ನೇ ಹೊರಡಿಸುತ್ತೇನೆ, ಏರಿನಲ್ಲಿ ಇಳಿದು ತಳ್ಳುತ್ತೇನೆ. ಪಡಸಾಲೆಯ ಹಗ್ಗದಲ್ಲಿ ಈಗ ನನ್ನ ನಿಲುವಂಗಿಗೆ ಜಾಗವಿರುವುದಿಲ್ಲ. ಕಿಟಕಿಯ ಸರಳಿಗೆ ನೇತುಹಾಕುತ್ತೇನೆ.