ಹಬ್ಬದೂಟದ ಮಿತ, ಬೆನ್ನುಮೂಳೆಯ ಹಿತ

ನಮ್ಮ ಕಲ್ಪತರು ನಾಡಿನಲ್ಲಿ ಹಬ್ಬದ ಸಿದ್ಧತೆ ತೆಂಗಿನಕಾಯಿಯಿಂದಲೇ ಆರಂಭವಾಗುತ್ತದೆ. ಅರಳಗುಪ್ಪೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಸಂಕ್ರಾಂತಿ ಸಮೀಪಿಸಿತೆಂದರೆ ತಾಯಂದಿರು ದಿನಗಟ್ಟಲೆ ಕತ್ತು ಬಗ್ಗಿಸಿ ಕೊಬ್ಬರಿ ಹೆಚ್ಚುತ್ತಾರೆ, ಬೆಲ್ಲ ಹೆಚ್ಚುತ್ತಾರೆ. ಯುಗಾದಿ, ಗೌರಿ ಹಬ್ಬಗಳಲ್ಲಿ ಒಬ್ಬಟ್ಟಿಗೂ ಕಡುಬಿಗೂ ಈಳಿಗೆಮಣೆಯ ಮೇಲೆ ಗಂಟೆಗಟ್ಟಲೆ ಕಾಯಿ ತುರಿಯುತ್ತಾರೆ. ಗಂಡಸರು ಕಾಯಿಯ ಮೂಟೆಗಳನ್ನು ಅಟ್ಟಕ್ಕೆ ಏರಿಸುವುದೂ ಇಳಿಸುವುದೂ ವರ್ಷವಿಡೀ ನಡೆದೇ ಇರುತ್ತದೆ. ಹಬ್ಬ ಮುಗಿಯುವ ಹೊತ್ತಿಗೆ ಮನೆಯಲ್ಲಿ ಎರಡು ದೂರುಗಳು ಕೇಳಿಬರುತ್ತವೆ: ಒಂದು ಹೊಟ್ಟೆ ಭಾರ, ಇನ್ನೊಂದು ಬೆನ್ನು ನೋವು. ಮೊದಲನೆಯದಕ್ಕೆ ಓಮದ ಕಷಾಯ. ಎರಡನೆಯದಕ್ಕೆ ಕೈಗುಣವುಳ್ಳ ನಾಟಿ ವೈದ್ಯರ ಮನೆ. ಈ ಎರಡೂ ದೂರುಗಳು ಬೇರೆ ಬೇರೆಯಲ್ಲ ಎಂಬುದನ್ನು ಓದುಗ ಬಂಧುಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕೈಚಿಕಿತ್ಸೆಯ ಪ್ರಾಚೀನತೆ

ಎಲುಬು, ಕೀಲುಗಳನ್ನು ಕೈಯಿಂದ ಸರಿಪಡಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ 6 ಬಗೆಗಳನ್ನೂ ಎಲುಬು ಮುರಿಯುವುದರಲ್ಲಿ 12 ಬಗೆಗಳನ್ನೂ ಹೇಳುತ್ತದೆ. ಎಳೆಯುವುದು, ಒತ್ತುವುದು, ಜೋಡಿಸುವುದು, ಕಟ್ಟುವುದು ಎಂದು ಚಿಕಿತ್ಸೆಯ ಕ್ರಮವನ್ನು ವಿವರಿಸುತ್ತದೆ. ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರಿನ ದಬ್ಬೆಯನ್ನೂ ಕಟ್ಟಿಗೆ ಬಳಸಬೇಕೆನ್ನುತ್ತದೆ. ಬಹು ಮುಖ್ಯವಾದ ಇನ್ನೊಂದು ಮಾತೂ ಅಲ್ಲಿದೆ. ಎಲುಬು ಮುರಿದವನು ಉಪ್ಪು, ಖಾರ, ಹುಳಿ ಹಾಗೂ ಒಣ ಆಹಾರವನ್ನು ಬಿಡಬೇಕು. ಹಾಲು, ತುಪ್ಪದಂತಹ ಪುಷ್ಟಿಕರ ಆಹಾರವನ್ನು ಸೇವಿಸಬೇಕು. ಕಟ್ಟು ಮತ್ತು ಪಥ್ಯ ಎರಡೂ ಸೇರಿದರೆ ಮಾತ್ರ ಚಿಕಿತ್ಸೆ ಎಂಬುದು ಹಿರಿಯರ ನಿಲುವಾಗಿತ್ತು. ಇಂದಿಗೂ ನಾಟಿ ವೈದ್ಯರು ಕಟ್ಟು ಕಟ್ಟಿ ಕಳುಹಿಸುವಾಗ ಹುಳಿ, ಖಾರ ಬಿಡಬೇಕೆಂದು ಹೇಳುವುದು ಈ ಪರಂಪರೆಯ ಮುಂದುವರಿಕೆಯೇ ಆಗಿದೆ. ನೆರೆಯ ಆಂಧ್ರದ ಪುತ್ತೂರಿನ ಎಲುಬು ಕಟ್ಟಿಗೆ ಹತ್ತೊಂಬತ್ತನೆಯ ಶತಮಾನದಿಂದ ಹೆಸರಿದ್ದು, ಕರ್ನಾಟಕದಿಂದಲೂ ಜನ ಅಲ್ಲಿಗೆ ಹೋಗಿಬರುತ್ತಾರೆ.

1895ರ ಎರಡು ಘಟನೆಗಳು

ಇಂದು ನಗರಗಳಲ್ಲಿ ಕೇಳಿಬರುತ್ತಿರುವ ‘ಕೈರೋಪ್ರಾಕ್ಟಿಕ್’ ಎಂಬ ಪದ್ಧತಿ ಅಮೆರಿಕದಲ್ಲಿ ಹುಟ್ಟಿದುದು. ಆ ಹೆಸರು ಕೈ ಮತ್ತು ಕೆಲಸ ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದಿದೆ. ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ನಗರದಲ್ಲಿ ಡಿ. ಡಿ. ಪಾಮರ್ ಎಂಬಾತ 1895ರ ಸೆಪ್ಟೆಂಬರ್ 18ರಂದು, ಕಿವಿ ಕೇಳದ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ ಸರಿಪಡಿಸಿದನೆಂದೂ ಅದರಿಂದ ಅವನಿಗೆ ಕಿವಿ ಕೇಳಿಸಿತೆಂದೂ ಆ ಪದ್ಧತಿಯವರು ಹೇಳುತ್ತಾರೆ. 1897ರಲ್ಲಿ ಪಾಮರ್ ತನ್ನ ಶಾಲೆಯನ್ನು ತೆರೆದನು. ಬಹುತೇಕ ರೋಗಗಳಿಗೆಲ್ಲ ಬೆನ್ನುಮೂಳೆ ಜರುಗುವುದೇ ಕಾರಣವೆಂಬ ಅವನ ವಾದವನ್ನು ವಿಜ್ಞಾನವು ಒಪ್ಪಿಲ್ಲ.

ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಅದೇ ವರ್ಷ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್ಜೆನ್ ಎಂಬ ವಿಜ್ಞಾನಿ ಕ್ಷ-ಕಿರಣವನ್ನು ಕಂಡುಹಿಡಿದನು. ಅಲ್ಲಿಯವರೆಗೆ ಕೈಬೆರಳಿನ ಅನುಭವದಿಂದ ಮಾತ್ರ ಊಹಿಸಬಹುದಾಗಿದ್ದ ಎಲುಬಿನ ಬಿರುಕು ಕಣ್ಣಿಗೇ ಕಾಣುವಂತಾಯಿತು. ಕೈಯ ಅನುಭವವೂ ವಿಜ್ಞಾನವೂ ವೈರಿಗಳಾಗಬೇಕಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಹ್ಯೂ ಓವನ್ ಥಾಮಸ್ ಇದಕ್ಕೆ ಉತ್ತಮ ನಿದರ್ಶನ. ವಂಶಪಾರಂಪರ್ಯವಾಗಿ ಎಲುಬು ಕಟ್ಟುವ ಮನೆತನದಲ್ಲಿ ಹುಟ್ಟಿದ ಈತ ವೈದ್ಯಶಾಸ್ತ್ರವನ್ನು ಓದಿ, ಮುರಿದ ಕಾಲಿಗೆ ಆಧಾರವಾಗುವ ಸಾಧನವೊಂದನ್ನು ರೂಪಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ತೊಡೆಯ ಎಲುಬು ಮುರಿದ ಅನೇಕ ಸೈನಿಕರ ಪ್ರಾಣ ಉಳಿಸಿದ ಆ ಸಾಧನ ಇಂದಿಗೂ ‘ಥಾಮಸ್ ಸ್ಪ್ಲಿಂಟ್’ ಎಂದೇ ಪ್ರಸಿದ್ಧವಾಗಿದೆ.

ಕೈ ಎಲ್ಲಿ ಸಾಕು, ಎಲ್ಲಿ ಸಾಲದು?

ಹೊಸದಾಗಿ ಬಂದ ಸಾಧಾರಣ ಸೊಂಟನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಬಿಸಿ ಶಾಖ, ನೀವುವಿಕೆ, ನುರಿತವರ ಕೈಚಿಕಿತ್ಸೆ ಇಂತಹ ನೋವಿನಲ್ಲಿ ತಕ್ಕಮಟ್ಟಿಗೆ ನೆರವಾಗುತ್ತವೆ ಎಂದು 2017ರಲ್ಲಿ ಅಮೆರಿಕದ ವೈದ್ಯರ ಸಂಸ್ಥೆಯೊಂದರ ಮಾರ್ಗಸೂಚಿಯೂ ಹೇಳಿತು. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಸಾಧ್ಯವಾದಷ್ಟು ನಡೆದಾಡುತ್ತಿರುವುದೇ ಲೇಸು.

ಆದರೆ ಕೆಲವು ಸಂದರ್ಭಗಳಲ್ಲಿ ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಲೇಬೇಕು. ತೆಂಗಿನ ಮರದಿಂದಲೋ ಅಟ್ಟದಿಂದಲೋ ಬಿದ್ದವರನ್ನು ಕೂರಿಸಿ ಬೆನ್ನು ತಿರುಚಿಸುವುದು, ಎಳೆಯುವುದು ಅತ್ಯಂತ ಅಪಾಯಕರ. ಮುರಿದ ಬೆನ್ನುಮೂಳೆ ಅಲುಗಿದರೆ ನರಹುರಿಗೆ ಪೆಟ್ಟಾಗಿ ಕಾಲುಗಳ ಶಕ್ತಿಯೇ ಹೋಗಬಹುದು. ಅವರನ್ನು ಹಲಗೆಯ ಮೇಲೆ ನೇರವಾಗಿ ಮಲಗಿಸಿಯೇ ಸಾಗಿಸಬೇಕು. ಕಾಲಿನಲ್ಲಿ ಶಕ್ತಿಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ನೋವಿನೊಂದಿಗೆ ಜ್ವರ ಬರುವುದು ಇವೂ ಆಸ್ಪತ್ರೆಯ ಲಕ್ಷಣಗಳೇ. ಕಟ್ಟು ಕಟ್ಟಿಸಿದ ಮೇಲೆ ಬೆರಳುಗಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ರಕ್ತಸಂಚಾರ ನಿಂತಿದೆಯೆಂದು ತಿಳಿದು ಕಟ್ಟನ್ನು ತಕ್ಷಣ ಸಡಿಲಿಸಿ ವೈದ್ಯರಲ್ಲಿಗೆ ಧಾವಿಸಬೇಕು. ವೈದ್ಯರು ಬೈದಾರೆಂಬ ಸಂಕೋಚದಿಂದ ಎರಡು ದಿನ ತಡಮಾಡಿದರೆ ಅಂಗವನ್ನೇ ಕಳೆದುಕೊಳ್ಳಬೇಕಾದೀತು. ಕತ್ತನ್ನು ಫಕ್ಕನೆ ತಿರುವಿ ನೆಟಿಕೆ ತೆಗೆಸುವ ಅಭ್ಯಾಸವೂ ಸಲ್ಲದು. ಅಪರೂಪಕ್ಕಾದರೂ ಅದರಿಂದ ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗುವುದುಂಟು.

ಎಲೆಯ ಮೇಲಿನ ಪಥ್ಯ

ಪಥ್ಯವು ನೋವು ಬಂದ ಮೇಲೆ ಆರಂಭವಾಗಬೇಕಿಲ್ಲ. ದೇಹದ ತೂಕ ಏರಿದಷ್ಟೂ ಸೊಂಟ, ಮಂಡಿಗಳ ಮೇಲೆ ಹೊರೆ ಹೆಚ್ಚುತ್ತದೆ. ಹಬ್ಬದ ದಿನ ಚಟ್ನಿ, ಪಲ್ಯ, ಪಾಯಸ, ಒಬ್ಬಟ್ಟು ಎಲ್ಲದರಲ್ಲೂ ಕಾಯಿಯೇ. 100 ಗ್ರಾಂ ಕೊಬ್ಬರಿಯಲ್ಲಿ 60 ಗ್ರಾಂಗೂ ಮೀರಿ ಕೊಬ್ಬಿನಂಶವಿದ್ದು, ಅದರಲ್ಲಿ ಹೆಚ್ಚಿನ ಪಾಲು ರಕ್ತದ ಕೊಲೆಸ್ಟರಾಲನ್ನು ಏರಿಸುವ ಬಗೆಯದು. ಸುಮಾರು 40 ಗ್ರಾಂ ಕೊಬ್ಬರಿಯಿಂದಲೇ ಅಂತಹ ಕೊಬ್ಬಿನ ಒಂದು ದಿನದ ಮಿತಿ ಮುಗಿಯುತ್ತದೆ. ಬೆಲ್ಲ ಸಕ್ಕರೆಯಲ್ಲವೆಂಬ ಸಮಾಧಾನವೂ ಬೇಡ. ಇಡೀ ದಿನಕ್ಕೆ ಎರಡೂ ಸೇರಿ 50 ಗ್ರಾಂ ಮೀರಬಾರದು, 25 ಗ್ರಾಂನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ.

ಹಾಗೆಂದು ಹಬ್ಬದ ಅಡುಗೆಯೆಲ್ಲ ಅಹಿತವೆಂದಲ್ಲ. ಸಂಕ್ರಾಂತಿಯ ಎಳ್ಳಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ ಹೇರಳವಾಗಿದೆ. ಆದುದರಿಂದ ಎಳ್ಳು-ಬೆಲ್ಲದಲ್ಲಿ ಎಳ್ಳು, ಹುರಿಗಡಲೆಯ ಪಾಲನ್ನು ಹೆಚ್ಚಿಸಿ ಬೆಲ್ಲ, ಕೊಬ್ಬರಿಯ ಪಾಲನ್ನು ತಗ್ಗಿಸಬಹುದು. ಬೇಳೆ ಬೆಂದ ಕಟ್ಟನ್ನು ಚೆಲ್ಲದೆ ಒಬ್ಬಟ್ಟಿನ ಸಾರು ಮಾಡುವುದು ಹಿರಿಯರ ಜಾಣತನ. ಕೋಸಂಬರಿಯನ್ನು ಎಲೆಯ ತುದಿಗೆ ಚಮಚದಷ್ಟು ಬಡಿಸದೆ ಧಾರಾಳವಾಗಿ ಬಡಿಸಬೇಕು. ಹಬ್ಬದ ಮರುದಿನ ರಾಗಿ ಮುದ್ದೆ, ಸೊಪ್ಪಿನ ಸಾರಿಗೆ ಮರಳುವುದು ಲೇಸು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿದ ಸುಣ್ಣದ ಅಂಶವಿದ್ದರೆ ಬಿಳಿ ಅಕ್ಕಿಯಲ್ಲಿರುವುದು ಅದರ ಅಲ್ಪಾಂಶ ಮಾತ್ರ.

ಬಡಿಸುವವರು ‘ಇನ್ನೊಂದು’ ಎಂದು ಬಲವಂತ ಮಾಡುವುದು ಪ್ರೀತಿಯೇ ಸರಿ. ಆದರೆ ಮಧುಮೇಹ, ರಕ್ತದೊತ್ತಡ ಇರುವ ಹಿರಿಯರಿಗೆ ಆ ಬಲವಂತ ಭಾರವಾಗುತ್ತದೆ. ಬೇಕಾದಷ್ಟನ್ನೇ ನೀಡಿಸಿಕೊಂಡು ಒಂದಗುಳನ್ನೂ ಬಿಸುಡದಿರುವುದು ಪ್ರಸಾದಕ್ಕೆ ಸಲ್ಲಿಸುವ ಗೌರವವೂ ಹೌದು, ದೇಹಕ್ಕೆ ಹಿತವೂ ಹೌದು.

ಮನೆಮಂದಿಯ ಕರ್ತವ್ಯ

ಕೊಬ್ಬರಿ ಹೆಚ್ಚುವ, ಕಾಯಿ ತುರಿಯುವ ಕೆಲಸವನ್ನು ಒಬ್ಬ ತಾಯಿಯ ಮೇಲೆ ಹೊರಿಸದೆ ಗಂಡಸರೂ ಮಕ್ಕಳೂ ಹಂಚಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮೂಟೆ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಮೂಟೆಯನ್ನು ಮೈಗೆ ಒತ್ತಿಕೊಂಡು ಎತ್ತಬೇಕು. ಊಟದ ಬಳಿಕ ಕೂಡಲೇ ಮಲಗದೆ ತೋಟದ ಕಡೆಗೆ ಒಂದು ಸುತ್ತು ಹೋಗಿಬರಬೇಕು. ಜರುಗಿದ ಕೀಲನ್ನು ವೈದ್ಯರ ಕೈ ಸರಿಪಡಿಸೀತು. ಅದು ಸರಿಯಾಗಿಯೇ ಉಳಿಯುವುದು ನಮ್ಮ ಊಟದಿಂದ, ನಮ್ಮ ದುಡಿಮೆಯ ರೀತಿಯಿಂದ. ಬರುವ ಹಬ್ಬವನ್ನು ನಮ್ಮ ಮನೆಗಳು ಈ ಎಚ್ಚರದೊಂದಿಗೆ ಆಚರಿಸಲೆಂದು ಹಾರೈಸುತ್ತೇವೆ.