ಪಾಲಿನ ಮಷಿನ್‌ಗೆ ಒಬ್ಬನೇ ಯಜಮಾನ

ಅರಳಗುಪ್ಪೆ ಕಡೆ ಅಣ್ಣತಮ್ಮಂದಿರು ಭಾಗವಾದರೆ ತೆಂಗಿನ ಮರ ಎಣಿಸಿ ಹಂಚಿಕೊಳ್ಳಬಹುದು, ಬೋರ್‌ವೆಲ್ ಹಂಚಲಾಗದು. ಅದು ಒಬ್ಬನ ಪಾಲಿಗೆ ಬರುತ್ತದೆ, ಉಳಿದವರಿಗೆ ನೀರಿನ ಹಕ್ಕು ಎಂದು ಪಾಲುಪಾರಿಕತ್ತಿನಲ್ಲಿ ಬರೆಸುತ್ತಾರೆ. ನೀರು ಬಿಟ್ಟುಕೊಳ್ಳುವವನು ಮೋಟರು ಕಿತ್ತೊಯ್ಯುವಂತಿಲ್ಲ. ಈ ಸೀಮೆಯಿಂದ ಬೆಂಗಳೂರಿಗೆ ಹೋಗಿ ಕ್ಲೌಡ್ ಕೆಲಸ ಹಿಡಿದವರು ಟೆರಾಫಾರ್ಮ್ ಬರೆಯುವಾಗಲೂ ಲೆಕ್ಕ ಇಷ್ಟೇ.

ಹ್ಯಾಶಿಕಾರ್ಪ್ 2014ರಲ್ಲಿ ಹೊರತಂದ ಈ ಟೂಲ್, ಯಾವ ಸರ್ವರ್ ಬೇಕೆಂದು ಫೈಲಿನಲ್ಲಿ ಬರೆದರೆ ಕಟ್ಟಿಕೊಡುತ್ತದೆ. ಕಟ್ಟಿದ್ದನ್ನೆಲ್ಲ ಸ್ಟೇಟ್ ಫೈಲಿನಲ್ಲಿ ಗುರುತಿಟ್ಟುಕೊಳ್ಳುತ್ತದೆ. 'ರಿಸೋರ್ಸ್' ಎಂದು ಬರೆದರೆ ಆ ವಸ್ತುವನ್ನು ಕಟ್ಟುವುದು, ಕೆಡವುವುದು ಎರಡೂ ನಿಮ್ಮ ಕೈಯಲ್ಲಿ. 'ಡೇಟಾ' ಎಂದು ಬರೆದರೆ ಹುಡುಕಿ ಓದುವುದಷ್ಟೇ.

ಮುಂಬೈ ರೀಜನ್ನಿನಲ್ಲಿ ಎಲ್ಲ ತಂಡಗಳೂ ಒಳಗಿನ ಮಷಿನ್‌ಗಳಿಗೆ ದಾಟಲು ಬಳಸುವ ಒಂದು ಜಂಪ್ ಸರ್ವರ್ ಇದೆ ಎನ್ನಿ. ಬಿಲ್ಲಿಂಗ್ ತಂಡಕ್ಕೆ ಬೇಕಿರುವುದು ಅದರ ಐಪಿ ಮಾತ್ರ, ತಮ್ಮ ಡೇಟಾಬೇಸಿನ ಬಾಗಿಲು ಅದೊಂದಕ್ಕೇ ತೆರೆಯಲು. ಇದಕ್ಕೆ 'ಡೇಟಾ' ಸಾಕು. ಅದನ್ನು ಬಿಟ್ಟು ಯಾರೋ ಆ ಮಷಿನ್ನನ್ನೇ ತಮ್ಮ ಸ್ಟೇಟಿಗೆ ಇಂಪೋರ್ಟ್ ಮಾಡಿಕೊಂಡರೆ, ಪ್ರಾಜೆಕ್ಟ್ ಮುಗಿದ ದಿನ 'ಡಿಸ್ಟ್ರಾಯ್' ಕೊಟ್ಟಾಗ ಎಲ್ಲರ ಜಂಪ್ ಸರ್ವರ್ ಹೋಗುತ್ತದೆ. ಇನ್ನೊಂದು ತಂಡದ ಸ್ಟೇಟಿನಲ್ಲೂ ಅದೇ ಮಷಿನ್ ಇದೆಯೆಂಬುದು ಟೂಲಿಗೆ ಗೊತ್ತಾಗುವುದಿಲ್ಲ.

'ಡೇಟಾ'ದಲ್ಲೂ ಎಡವಬಹುದು. ಹೆಸರಿನ ಮೇಲೆ ಹುಡುಕಿ ಎರಡು ಮಷಿನ್ ಸಿಕ್ಕರೆ ಎಡಬ್ಲ್ಯೂಎಸ್‌ನಲ್ಲಿ ಎರರ್ ಬಂದು ನಿಲ್ಲುತ್ತದೆ, ಒಳ್ಳೆಯದೇ. ಇಮೇಜ್ ಹುಡುಕುವಾಗ 'ತೀರಾ ಹೊಸದು' ಎಂದು ಕೇಳುವುದೇ ಅಪಾಯ: ಹೊಸ ಇಮೇಜ್ ಬಂದಾಗ ಐಡಿ ಬದಲಾಗಿ, ಹಳೆಯ ಮಷಿನ್ ಕೆಡವಿ ಹೊಸದು ಕಟ್ಟಲು ಪ್ಲಾನ್ ತಯಾರಾಗುತ್ತದೆ. ಇಮೇಜಿನ ಐಡಿಯನ್ನೇ ಗಟ್ಟಿಯಾಗಿ ಬರೆದಿಡಿ. ಇನ್ನು, ಬೇರೆ ತಂಡದ ಸ್ಟೇಟನ್ನೇ ಓದುವ 'ರಿಮೋಟ್ ಸ್ಟೇಟ್' ನನಗೆ ಒಪ್ಪಿಗೆಯಿಲ್ಲ. ಒಂದು ಐಪಿಗಾಗಿ ಇಡೀ ಫೈಲ್ ಓದುವ ಅನುಮತಿ ಕೊಡಬೇಕು. ಅದರೊಳಗೆ ಪಾಸ್‌ವರ್ಡುಗಳೂ ಇರಬಹುದು. ಐಪಿಯನ್ನು ಪ್ಯಾರಾಮೀಟರ್ ಸ್ಟೋರ್‌ನಂಥ ಕಡೆ ಇಟ್ಟರೆ ಸಾಕಲ್ಲ!

ಕೆಡವದಂತೆ ತಡೆಯುವ 'ಪ್ರಿವೆಂಟ್ ಡಿಸ್ಟ್ರಾಯ್' ಸಾಲು ಹಾಕಿದ್ದೇವೆ ಎಂದು ನಿಶ್ಚಿಂತೆಯಿಂದಿರುವವರು ಬಹಳ. ಆ ಸಾಲು ಇರುವ ರಿಸೋರ್ಸ್ ಬ್ಲಾಕನ್ನೇ ಫೈಲಿನಿಂದ ತೆಗೆದರೆ ಕಾವಲೂ ಅದರ ಜೊತೆಗೇ ಹೋಯಿತು. ಆದ್ದರಿಂದ ಕ್ಲೌಡ್ ಕಡೆಯಿಂದಲೇ ಬೀಗ ಹಾಕಬೇಕು: ಎಡಬ್ಲ್ಯೂಎಸ್‌ನಲ್ಲಿ ಟರ್ಮಿನೇಷನ್ ಪ್ರೊಟೆಕ್ಷನ್, ಅಜೂರ್‌ನಲ್ಲಿ ಡಿಲೀಟ್ ಲಾಕ್. ಇವೆಲ್ಲಕ್ಕಿಂತ ಗಟ್ಟಿಯಾದದ್ದು, ಬಳಸುವ ತಂಡದ ಖಾತೆಗೆ ಆ ಮಷಿನ್ ಮೇಲೆ ಓದುವ ಅನುಮತಿ ಮಾತ್ರ ಕೊಡುವುದು.

ಈಗಾಗಲೇ ಪರರ ಮಷಿನ್ ನಿಮ್ಮ ಸ್ಟೇಟಿನಲ್ಲಿ ಸೇರಿಕೊಂಡಿದ್ದರೆ ರಿಸೋರ್ಸ್ ಬ್ಲಾಕನ್ನು ಸುಮ್ಮನೆ ಅಳಿಸಬೇಡಿ, ಅಳಿಸಿದರೆ ಮಷಿನ್ನೇ ಅಳಿಯುತ್ತದೆ. 2024ರ ಜನವರಿಯಲ್ಲಿ ಬಂದ 1.7ನೇ ಆವೃತ್ತಿಯಿಂದ 'ರಿಮೂವ್ಡ್' ಬ್ಲಾಕ್ ಇದೆ. ರಿಸೋರ್ಸ್ ಬ್ಲಾಕಿನ ಜಾಗದಲ್ಲಿ ಅದನ್ನಿಟ್ಟು, ಅದರಲ್ಲಿ 'ಡಿಸ್ಟ್ರಾಯ್' ಮುಂದೆ 'ಫಾಲ್ಸ್' ಎಂದು ಬರೆದರೆ ಮಷಿನ್ ಹಾಗೇ ಉಳಿದು ಸ್ಟೇಟಿನಿಂದಷ್ಟೇ ಹೊರಬರುತ್ತದೆ. ಆಮೇಲೆ 'ಡೇಟಾ' ಬ್ಲಾಕ್ ಬರೆಯಿರಿ. ಪ್ಲಾನಿನ ಕೊನೆಯ ಸಾಲಿನಲ್ಲಿ ಡಿಸ್ಟ್ರಾಯ್ ಸಂಖ್ಯೆ 0 ಇಲ್ಲದಿದ್ದರೆ 'ಯೆಸ್' ಒತ್ತಲೇಬೇಡಿ.